ಉಪಚಾರಕ್ಕೆ ಸತ್ತ ರೇಡಿಯೋ

ನಮ್ಮ ರೇಡಿಯೋ ಯಾಕೆ ಬಂದ್ ಆಯಿತು ಅಂತ ಈಗಲೂ ಜನ ಕೇಳುತ್ತಾರೆ. ಗಜೇಂದ್ರಗಡದ ಸಂತೆಯಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದರೆ ಪಕ್ಕದವರು ಕೇಳುತ್ತಾರೆ, ರೋಣದ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದರೆ ಎದುರಿನವರು ಕೇಳುತ್ತಾರೆ. ಕೇಳಿದವರೇ ಉತ್ತರವನ್ನೂ ಕೊಟ್ಟುಬಿಡುತ್ತಾರೆ: "ಮೊಬೈಲ್ ಬಂದ್ವಲ್ರಿ, ರೇಡಿಯೋ ಯಾರ ಕೇಳ್ತಾರ?" ನಾನೂ ಹೂಂ ಅನ್ನುತ್ತೇನೆ. ತಪ್ಪನ್ನು ಮೊಬೈಲಿನ ಮೇಲೆ ಹಾಕಿದರೆ ಯಾರಿಗೂ ಬೇಜಾರಿಲ್ಲ. ಅದಕ್ಕೆ ಬೀಗರಿಲ್ಲ, ಬಳಗವಿಲ್ಲ. ಆದರೆ ಮೈಕಿನ ಮುಂದೆ ಕೂತವಳು ನಾನು, ಅದರ ಕೊನೆಯ ಉಸಿರನ್ನು ಹತ್ತಿರದಿಂದ ಕೇಳಿದವಳು. ನಮ್ಮ ರೇಡಿಯೋ ಸತ್ತದ್ದು ಮರ್ಯಾದೆಯಿಂದ.

ಅದನ್ನು ಹುಟ್ಟಿಸಿದವರು ರೋಣದ ಒಬ್ಬ ಸಾವಕಾರರು. ಹತ್ತಿ, ಕಡಲೆ ವ್ಯಾಪಾರದ ಹಳೆಯ ಮನೆತನ. ಗಜೇಂದ್ರಗಡದಲ್ಲಿ ಅವರದೊಂದು ಖಾಲಿ ಗೋದಾಮು ಇತ್ತು. ಒಮ್ಮೆ ಯಾವುದೋ ದೊಡ್ಡ ಊರಿಗೆ ಮದುವೆಗೆ ಹೋದಾಗ ಟ್ಯಾಕ್ಸಿಯೊಳಗೆ ರೇಡಿಯೋ ಹಚ್ಚಿದ್ದರಂತೆ. ಅದರಲ್ಲಿ ಹಾಡಿಲ್ಲ, ಬರೀ ಮಾತು. ಜನ ಫೋನು ಮಾಡಿ ದೊಡ್ಡ ದೊಡ್ಡವರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಸಾವಕಾರರಿಗೆ ಅದು ಸೇರಿತು. ಊರಿಗೆ ಬಂದವರೇ, "ಹಾಡು ಬ್ಯಾಡ. ನಮ್ಮ ಮಂದಿಗೆ ಮಾತು ಹೇಳಿಕೊಡಬೇಕೇನು? ಮಾತಿನ ರೇಡಿಯೋ ಮಾಡೂಣು," ಅಂದರು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಅವರಿಗೆ ಬಾಯಿಪಾಠವಿತ್ತು. ಜಗಳವಿಲ್ಲದೆ ಆ ಥರದ ರೇಡಿಯೋ ನಡೆಯುವುದಿಲ್ಲ ಎಂಬುದು ಮಾತ್ರ ಹೊಳೆದಿರಲಿಲ್ಲ.

ಗೋದಾಮಿನ ಒಂದು ಮೂಲೆ ಸ್ಟುಡಿಯೋ ಆಯಿತು. ಯಂತ್ರ ನೋಡಿಕೊಳ್ಳಲು ಬಂದವರು ಊರಿನ ಮದುವೆ ಮುಂಜಿವೆಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುತ್ತಿದ್ದ ಹಿರಿಯರು. ಅವರನ್ನು ಎಲ್ಲರೂ ಮೈಕಿನ ಕಾಕಾ ಅನ್ನುತ್ತಿದ್ದರು. ಗೋಡೆ ದನಿ ಹೊಡೆಯಬಾರದು ಅಂತ ಕಾಕಾ ಎಲ್ಲಿಂದಲೋ ತತ್ತಿ ಇಡುವ ರಟ್ಟಿನ ತಟ್ಟೆಗಳನ್ನು ಹೊತ್ತು ತಂದರು. ಸಾವಕಾರರ ಮನೆಯಲ್ಲಿ ತತ್ತಿ ಎಂಬ ಶಬ್ದವನ್ನೂ ಆಡುವುದಿಲ್ಲ. ತಟ್ಟೆಗಳು ಬಂದ ದಾರಿಯಲ್ಲೇ ಹೋದವು, ಗೋಡೆಗೆ ಕಡಲೆಯ ಗೋಣಿಚೀಲ ಬಡಿದರು. ಒಳಗೆ ಕೂತು ಮಾತಾಡಿದವರಿಗೆಲ್ಲ ಸೀನು ಬರುತ್ತಿತ್ತು.

ಉದ್ಘಾಟನೆಯ ದಿನ ಮೊದಲ ಫೋನು ಬಂದದ್ದು ನರಗುಂದದಿಂದ, ಸಾವಕಾರರ ಬೀಗರದು. "ಭಾಳ ಚಲೋ ಕೇಳಾಕತ್ತೈತ್ರಿ. ಎದುರಿಗೆ ಕುಂತು ಮಾತಾಡಿದಂಗ ಐತಿ," ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಕಾ ಮಾತ್ರ ನನ್ನ ಕಿವಿಯ ಹತ್ತಿರ ಬಂದು, "ನಮ್ಮ ಕಂಬದ ದನಿ ಬಾಜೂ ಊರು ಸೂಡಿ ದಾಟಿದ್ರ ಭಾಳ ಆತು. ನರಗುಂದಕ್ಕ ಹ್ಯಾಂಗ ಮುಟ್ಟತೈತಿ?" ಅಂದರು. ಬೀಗರಿಗೆ ಏನೂ ಕೇಳಿಸಿರಲಿಲ್ಲ. ಕೇಳಿಸಲಿಲ್ಲ ಅನ್ನುವುದು ಬೀಗತನಕ್ಕೆ ಶೋಭಿಸುವುದಿಲ್ಲ, ಅಷ್ಟೇ. ಈ ರೇಡಿಯೋದ ಹಣೆಬರಹ ನನಗೆ ಅಂದೇ ತಿಳಿಯಬೇಕಿತ್ತು.

ನಾನು ಸೂಡಿಯ ಸೊಸೆ. ಡಿಗ್ರಿ ಮುಗಿಸಿ ಮದುವೆಯಾಗಿ ಬಂದವಳು, ರೊಟ್ಟಿ ಬಡಿಯುತ್ತ ಬಡಿಯುತ್ತ ಡಿಗ್ರಿಯನ್ನು ಮರೆತವಳು. ಸಂಜೆ ಐದರಿಂದ ಆರರವರೆಗೆ ಒಂದು ತಾಸಿನ ಕಾರ್ಯಕ್ರಮಕ್ಕೆ ಹೆಣ್ಣು ದನಿ ಬೇಕೆಂದು ತಿಳಿದು ಅರ್ಜಿ ಹಾಕಿದೆ, ಕರೆದರು. ಗಂಡ "ನಮ್ಮವ್ವನ್ನ ಕೇಳು," ಅಂದರು. ಅತ್ತೆ ಒಂದೇ ಷರತ್ತು ಹಾಕಿದರು: "ದೀಪಾ ಹಚ್ಚೂದರಾಗ ಮನ್ಯಾಗ ಇರಬೇಕು ನೋಡವಾ." ಗಜೇಂದ್ರಗಡದಿಂದ ನಮ್ಮೂರ ಮೇಲೆ ಹಾದು ರೋಣಕ್ಕೆ ಹೋಗುವ ಆರೂ ಕಾಲಿನ ಬಸ್ಸೊಂದಿತ್ತು. ಅದನ್ನು ಹಿಡಿದರೆ ಷರತ್ತು ಪಾಸು. ಬಸ್ಸಿದ್ದರೆ ಮೈಕು, ಬಸ್ಸಿಲ್ಲದಿದ್ದರೆ ಮತ್ತೆ ಹಂಚು. ನಾನು ಆ ಒಂದು ತಾಸನ್ನು ಬಹಳ ಪ್ರೀತಿಸುತ್ತಿದ್ದೆ. ಮನೆಯಲ್ಲಿ ನನ್ನ ಮಾತು ಉಪ್ಪು ಹೆಚ್ಚಾಯಿತೇ ಕಡಿಮೆಯಾಯಿತೇ ಎಂಬಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಮಾತಾಡಲಿಕ್ಕೆ ಸಂಬಳ ಕೊಡುತ್ತಿದ್ದರು.

ಬಸ್ಸಿನ ವಿಷಯ ಹೇಳಬೇಕು. ಅದರ ಬಾಗಿಲಿಗೆ ಹಗ್ಗ ಕಟ್ಟಿತ್ತು. ಮನಸ್ಸಿದ್ದರೆ ಹೊತ್ತಿಗೆ ಬರುತ್ತಿತ್ತು. ಕ್ರಾಸಿನಲ್ಲಿ ಹೆಂಗಸರು ಕೈ ಮಾಡಿದರೆ ಅಷ್ಟು ದೂರ ಮುಂದೆ ಹೋಗಿ ನಿಲ್ಲುತ್ತಿತ್ತು, ಓಡಿ ಹತ್ತಬೇಕು. ಹತ್ತಿದ ಮೇಲೆ ಮಾತ್ರ ಸ್ವರ್ಗ. ಆ ಬಸ್ಸಿನಲ್ಲಿ ನಡೆಯುತ್ತಿದ್ದ ಮಾತು ಯಾವ ದೊಡ್ಡ ಊರಿನ ರೇಡಿಯೋಕ್ಕೂ ಕಡಿಮೆ ಇರಲಿಲ್ಲ. ನಮ್ಮೂರಿನ ಒಬ್ಬ ಆಯಿ ಗಜೇಂದ್ರಗಡದ ಸುತ್ತ ಕಳೆ ತೆಗೆಯಲು ಕೂಲಿಗೆ ಬರುತ್ತಿದ್ದಳು. ನಾಲಿಗೆಯಲ್ಲೂ ಕುರ್ಪಿ ಇಟ್ಟುಕೊಂಡ ಮುದುಕಿ. "ಈ ಬಸ್ಸಿಗೆ ಕಾಯೂದಕಿಂತ ಬಸುರಿ ಹೆರೂದಕ್ಕ ಕಾಯೂದು ಚಲೋ. ಅದಕ್ಕರ ಒಂಬತ್ತ ತಿಂಗಳು ಅಂತ ಲೆಕ್ಕ ಐತಿ," ಅನ್ನುತ್ತಿದ್ದಳು. ಇಡೀ ಬಸ್ಸು ನಗುತ್ತಿತ್ತು, ಡ್ರೈವರೂ ಸೇರಿ. ಈ ಆಯಿಯನ್ನು ಒಮ್ಮೆ ಮೈಕಿನ ಮುಂದೆ ಕೂರಿಸಿದರೆ ನಮ್ಮ ರೇಡಿಯೋ ಗೆದ್ದಂತೆ ಅಂದುಕೊಳ್ಳುತ್ತಿದ್ದೆ.

ಆದರೆ ಮೈಕಿನ ಮುಂದೆ ಕೂತವರ ಕಥೆಯೇ ಬೇರೆ. ನಮ್ಮ ಕಡೆಯ ಜನ ಮೈಕನ್ನು ಕಂಡಿರುವುದು ಸಭೆಗಳಲ್ಲಿ. ಸಭೆ ಎಂದರೆ ಶಾಲು, ಮಾಲೆ, ಹಣ್ಣು, ಹೊಗಳಿಕೆ, ಕೊನೆಗೆ ವಂದನಾರ್ಪಣೆ. ಹೀಗಾಗಿ ನಮ್ಮ ಸ್ಟುಡಿಯೋಕ್ಕೆ ಬಂದವರೆಲ್ಲ ಸಭೆಗೇ ಬಂದರು, ನಾವೂ ಶಾಲು ಹೊದಿಸಿ ಹಣ್ಣು ಕೊಟ್ಟೇ ಕೂರಿಸಿದೆವು. ಶಿರೋಳದಿಂದ ಬಂದ ಒಬ್ಬ ನಿವೃತ್ತ ಮಾಸ್ತರರು ಜೊತೆಗೆ ನಾಲ್ಕು ಮಂದಿ ನೆಂಟರನ್ನು ಕರೆತಂದರು. ಮೈಕು ಕೈಗೆ ಬಂದದ್ದೇ ತಡ, "ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯಮಾನ್ಯರೇ," ಎಂದು ಶುರು ಮಾಡಿದರು. ವೇದಿಕೆಯ ಮೇಲೆ ಇದ್ದದ್ದು ನಾನು ಮತ್ತು ಒಂದು ಟೇಬಲ್ ಫ್ಯಾನು. ಊರಿನ ಹಿರಿಯರ ಹೆಸರು ಒಂದೊಂದಾಗಿ ಹೇಳಿದರು, ಒಬ್ಬರನ್ನು ಬಿಟ್ಟರೂ ನಾಳೆ ಮನೆಗೆ ಬಂದು ಕೇಳುತ್ತಾರೆ. ಅರ್ಧ ಹೊತ್ತು ಹೆಸರಿಗೇ ಹೋಯಿತು. ಉಳಿದ ಹೊತ್ತಿನಲ್ಲಿ ನಾನು, "ನಿಮ್ಮೂರಾಗ ಏನರ ತೊಂದರಿ ಐತೇನ್ರಿ?" ಅಂದೆ. "ಏನಿಲ್ರಿ, ಎಲ್ಲಾ ಚಲೋ ಐತ್ರಿ," ಅಂದರು. ಅಲ್ಲಿಗೆ ಮುಗಿಯಿತು.

ಮುಗಿಯಲಿಲ್ಲ, ನಿಜವಾಗಿ ಶುರುವಾದದ್ದು ಆಮೇಲೆ. ಗೋದಾಮಿನ ಹೊರಗೆ ಒಂದು ಕಟ್ಟೆ, ಪಕ್ಕದಲ್ಲಿ ಚಹಾದ ಗಾಡಿ. ಮಾಸ್ತರರು ಶಾಲು ಮಡಚಿ ಚೀಲಕ್ಕೆ ಹಾಕಿ, ಅಲ್ಲಿ ಕೂತು, ಒಂದು ಗುಟುಕು ಚಹಾ ಕುಡಿದು ಬಾಯಿ ಬಿಟ್ಟರು. ನಳದ ನೀರು ಯಾರ ಓಣಿಗೆ ಹೋಗುತ್ತದೆ, ಯಾರ ಓಣಿಗೆ ಹೋಗುವುದಿಲ್ಲ, ದವಾಖಾನಿಯ ಬೀಗ ಯಾವಾಗ ತೆಗೆಯುತ್ತಾರೆ, ಸಾಲಿಯ ಮೇಲ್ಛಾವಣಿ ಯಾಕೆ ಸೋರುತ್ತದೆ, ಎಲ್ಲ ಬಂತು. ಕಟ್ಟೆಯ ಮೇಲಿದ್ದವರೂ ದನಿಗೂಡಿಸಿದರು. ಎಂಥ ಚಂದದ ಜಗಳ ಅಂದರೆ, ಒಳಗೆ ಗಂಟಲು ನೋಯುವಂತೆ ಪ್ರಶ್ನೆ ಕೇಳಿದ ನನಗೆ ಮೈ ಉರಿಯಿತು. ದಿನಾ ಇದೇ ಹಾಡು. ಗೋಣಿಚೀಲದ ಒಳಗೆ ಅಭಿನಂದನೆ, ಕಟ್ಟೆಯ ಮೇಲೆ ಕಾರ್ಯಕ್ರಮ. ಕೇಳುವವರೂ ಬುದ್ಧಿವಂತರು. ರೇಡಿಯೋ ಹಚ್ಚುವುದು ಬಿಟ್ಟು ನೇರ ಕಟ್ಟೆಗೇ ಬಂದು ಕೂರುತ್ತಿದ್ದರು. ಆ ಗಾಡಿಯವನ ಚಹಾ ಅಷ್ಟು ಮಾರಾಟವಾದದ್ದು ಮೊದಲೂ ಇಲ್ಲ, ಆಮೇಲೂ ಇಲ್ಲ.

"ಜಗಳ ಎಲ್ಲೈತಿ ತಂಗೆವ್ವ?" ಅಂತ ಸಾವಕಾರರು ಕೇಳತೊಡಗಿದರು.

ನಾನು ಒಂದು ಉಪಾಯ ಮಾಡಿದೆ. ಮೊದಲೇ ಶಾಲು ಹೊದಿಸಿ ಹಣ್ಣು ಕೊಟ್ಟು ಆಮೇಲೆ ದೂರು ಹೇಳು ಅಂದರೆ ಯಾರು ಹೇಳುತ್ತಾರೆ? ಉಂಡ ಮನೆಯ ಜಂತಿ ಎಣಿಸಿದಂತೆ ಆಗುತ್ತದೆ. ಆದ್ದರಿಂದ ಮಾತು ಮೊದಲು, ಶಾಲು ಆಮೇಲೆ ಎಂದು ಬದಲಿಸಿದೆ. ಅಸೂಟಿಯ ಒಬ್ಬ ರೈತರು ಬಂದರು. ಕಾರ್ಯಕ್ರಮದುದ್ದಕ್ಕೂ ಅವರ ಕಣ್ಣು ಟೇಬಲ್ಲಿನ ಮೇಲಿದ್ದ ಶಾಲಿನ ಮೇಲೇ ಇತ್ತು. ಎಲ್ಲಿ ಒಂದು ಕೆಟ್ಟ ಮಾತು ಬಂದು ಶಾಲು ತಪ್ಪೀತೋ ಎಂದು ಮೊದಲಿನವರಿಗಿಂತ ಎರಡರಷ್ಟು ಸಿಹಿಯಾಗಿ ಮಾತಾಡಿದರು.

ಆಮೇಲೆ ಮೈಕನ್ನೇ ಕಟ್ಟೆಗೆ ಒಯ್ದೆ. ಜೋರಾಗಿ ನಡೆದಿದ್ದ ಮಾತು ಮೈಕು ಕಂಡದ್ದೇ ನಿಂತಿತು. ಗಂಡಸರು ಟೋಪಿ ಸರಿ ಮಾಡಿಕೊಂಡರು, ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡರು. ರೇಡಿಯೋದಲ್ಲಿ ಟೋಪಿ ಕಾಣುವುದಿಲ್ಲ ಎಂದು ಹೇಳುವ ಧೈರ್ಯ ನನಗೂ ಆಗಲಿಲ್ಲ. ಒಬ್ಬರು ಎದ್ದು ನಿಂತು, "ಎಲ್ಲರಿಗೂ ನಮಸ್ಕಾರ," ಎಂದು ಕೈ ಮುಗಿದರು. ಎಲ್ಲರೂ ಎದ್ದು ನಿಂತರು.

"ಬೆಂಚಿನ ಬುಡಕ ಮೈಕ್ ಕಟ್ಟಿ ಬಿಡತೀನ್ರಿ, ಯಾರಿಗೂ ಗೊತ್ತಾಗೂದಿಲ್ಲ," ಅಂದರು ಕಾಕಾ. ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಬೇಡ ಅಂದೆ. ಅದೇ ಮಂದಿಯ ನಡುವೆ ಅದೇ ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಊರಿಗೆ ಹೋಗುವವಳು ನಾನು.

ಇಷ್ಟರಲ್ಲಿ ಒಂದು ಸುದ್ದಿ ಬಂತು. ಆರೂ ಕಾಲಿನ ಬಸ್ಸನ್ನು ತೆಗೆದುಬಿಡುತ್ತಾರಂತೆ. ಬಸ್ಸು ಹೋದರೆ ಸಂಜೆಗೆ ಉಳಿಯುವುದು ಟೆಂಪೋ ಮಾತ್ರ. ಅದು ತುಂಬುವವರೆಗೆ ಹೊರಡುವುದಿಲ್ಲ, ತುಂಬುವಷ್ಟರಲ್ಲಿ ನಮ್ಮ ಮನೆಯಲ್ಲಿ ದೀಪ ಹಚ್ಚಿ ಊಟ ಮುಗಿದಿರುತ್ತದೆ. ಬಸ್ಸಿನಲ್ಲಿ ಅಂದು ನಗುವಿರಲಿಲ್ಲ. ಕಾಲೇಜಿನ ಹುಡುಗಿಯರು, ಕೂಲಿಯ ಹೆಂಗಸರು, ಕಾಯಿಪಲ್ಲೆ ಮಾರಿ ಬರುವವರು, ಎಲ್ಲರೂ ಬೈದರು. ನಾನು ಹೇಳಿದೆ: ಬಸ್ ಡಿಪೋದ ಸಾಹೇಬರನ್ನೇ ರೇಡಿಯೋಕ್ಕೆ ಕರೆಸುತ್ತೇನೆ. ನೀವೆಲ್ಲ ಫೋನು ಮಾಡಿ, ಇಲ್ಲಿ ಅಂದದ್ದನ್ನೇ ಅಲ್ಲಿ ಅನ್ನಿ. "ಕರಸು. ಅವರ ಮೈ ಬೆವರ ಇಳಸತೀನಿ," ಅಂದಳು ಆಯಿ. ಎಲ್ಲರೂ ಹೌದೌದು ಅಂದರು. ನಾನು ಅಂದು ಬಸ್ಸಿನಿಂದ ಹಗುರಾಗಿ ಇಳಿದೆ.

ಸಾಹೇಬರು ಬಂದರು. ಹೊಸದಾಗಿ ಬದಲಿಯಾಗಿ ಬಂದವರು, ದೂರದ ಕಡೆಯವರು, ಮೃದು ಮನುಷ್ಯ. ಬೈಸಿಕೊಳ್ಳಲು ತಯಾರಾಗಿ ಕರವಸ್ತ್ರ ಕೈಯಲ್ಲೇ ಹಿಡಿದಿದ್ದರು. ದೊಡ್ಡವರು ಬಂದಾಗ ಶಾಲು ಆಮೇಲೆ ಎಂಬ ನನ್ನ ಕಾನೂನು ನಡೆಯಲಿಲ್ಲ. ಸಾವಕಾರರು ಸ್ವತಃ ಬಂದು ಮೊದಲೇ ಹೊದಿಸಿದರು.

ಫೋನುಗಳು ಶುರುವಾದವು. ಕಾಲೇಜಿನ ಹುಡುಗಿ "ಸಾಹೇಬರು ಬಿಡುವು ಮಾಡಿಕೊಂಡು ಬಂದದ್ದು ಸಂತೋಷ ತಂದಿದೆ," ಎಂದು ಇಟ್ಟುಬಿಟ್ಟಳು. ಕಾಯಿಪಲ್ಲೆಯವಳು, ಡ್ರೈವರಣ್ಣ ದೇವರಂಥವರು ಅಂದಳು. ಸಾಹೇಬರು ಕರವಸ್ತ್ರ ಜೇಬಿಗೆ ಹಾಕಿಕೊಂಡರು. ಆಮೇಲೆ ಬಸ್ ಸ್ಟ್ಯಾಂಡಿನಿಂದ ಯಾರದೋ ಮೊಬೈಲು ಇಸಿದುಕೊಂಡು ಆಯಿ ಮಾತಾಡಿದಳು.

ಸಾಹೇಬರೇ ಕೇಳಿದರು, ನೇರವಾಗಿ, ಒಳ್ಳೆಯ ಮನಸ್ಸಿನಿಂದ: "ಅಜ್ಜಿ, ಸಂಜೆ ಬಸ್ ತೆಗೆದರೆ ನಿಮಗೆ ತೊಂದರೆ ಆಗುತ್ತಾ?"

"ಅಯ್ಯ, ನಮಗೇನ ತ್ರಾಸರಿ ಸಾಹೇಬ್ರ," ಅಂದಳು ಆಯಿ, ಜೇನಿನಂಥ ದನಿಯಲ್ಲಿ. "ನೀವು ದೊಡ್ಡವರು. ನಿಮಗ ಹ್ಯಾಂಗ ಅನುಕೂಲ ಆಗತೈತಿ ಹಂಗ ಮಾಡ್ರಿ. ನಾವು ಹ್ಯಾಂಗರ ಬರ್ತೀವಿ, ನಮ್ಮದೇನ ತಲಿಗೆ ಹಚಗೋಬ್ಯಾಡ್ರಿ."

ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಊಟದ ಹೊತ್ತಿಗೆ ಯಾರ ಮನೆಗಾದರೂ ಹೋದರೆ "ಊಟಕ್ಕ ಏಳ್ರಿ" ಅನ್ನುತ್ತಾರೆ. ಹೊಟ್ಟೆ ಬೆನ್ನಿಗೆ ಹತ್ತಿದ್ದರೂ "ಈಗ ಆತ್ರಿ, ಮಾಡೇ ಬಂದೀನಿ" ಅನ್ನಬೇಕು. ಒಂದೇ ಮಾತಿಗೆ ಎದ್ದರೆ ಊಟಕ್ಕೇ ಬಂದಿದ್ದರು ಅಂದಾರು. ಮತ್ತೆ ಕರೆಯುತ್ತಾರೆ. "ಬ್ಯಾಡ್ರಿ, ನಿಮಗ್ಯಾಕ ತ್ರಾಸ" ಅನ್ನಬೇಕು. ಆಮೇಲೆ ಮನೆಯ ಹಿರಿಯಳು ಬಂದು ಕೈ ಹಿಡಿದು ಎಳೆಯುತ್ತಾಳೆ. ಆಗ "ಆತು, ಅರ್ಧಾ ರೊಟ್ಟಿ ಹಾಕ್ರಿ" ಎಂದು ಕೂತು ಹೊಟ್ಟೆ ತುಂಬ ಉಣ್ಣಬೇಕು. ಇದಕ್ಕೆ ಉಪಚಾರ ಅನ್ನುತ್ತೇವೆ. ಇಡೀ ಸೀಮೆಯ ಸಂಸಾರ, ಹೆಣ್ಣು ಕೇಳುವುದು, ಹೊಲ ಮಾರುವುದು, ಎಲ್ಲ ಇದರ ಮೇಲೆಯೇ ನಡೆದಿದೆ. ಮೊದಲ ಸಲದ "ಬ್ಯಾಡ"ಕ್ಕೆ ನಮ್ಮಲ್ಲಿ ಯಾವ ಕಿಮ್ಮತ್ತೂ ಇಲ್ಲ. ರೇಡಿಯೋಕ್ಕೆ ಅಷ್ಟು ಪುರಸೊತ್ತಿಲ್ಲ. ಅದು ಒಮ್ಮೆ ಕೇಳಿ, ಅಂದದ್ದನ್ನೇ ಸತ್ಯ ಎಂದು ಹಿಡಿದುಕೊಂಡು, ಮುಂದಿನ ಫೋನಿಗೆ ಹೋಗುತ್ತದೆ.

ಇನ್ನೊಮ್ಮೆ ಕೇಳಿ ಎಂದು ನಾನು ಸಾಹೇಬರಿಗೆ ಕೈಸನ್ನೆ ಮಾಡಿದೆ. ಅವರು ಗಡಿಯಾರ ನೋಡಿಕೊಂಡರು. ಕೊನೆಗೆ ನಾನೇ, "ಆಯಿ, ಖರೇ ಹೇಳು, ಬಸ್ ಬೇಕೋ ಬ್ಯಾಡೋ?" ಅಂದೆ. "ನೀವೆಲ್ಲಾ ಶ್ಯಾಣ್ಯಾರು, ನೀವು ಅಂದಂಗ ಆಗಲೆವಾ," ಅಂದಳು. ಇನ್ನೊಂದು ಸಲ ಕೇಳಿದ್ದರೆ ಖಂಡಿತ ಬಾಯಿ ಬಿಡುತ್ತಿದ್ದಳು. ಅಷ್ಟರಲ್ಲಿ ಕಾಕಾ ಹೊತ್ತಾಯಿತೆಂದು ಕೈ ಎತ್ತಿದರು. ಆರು ಗಂಟೆಗೆ ಪೇಟೆ ಧಾರಣೆ ಓದಬೇಕಿತ್ತು.

ಆ ಸಂಜೆ ಬಸ್ಸಿನಲ್ಲಿ ಆಯಿಯ ಮೇಲೆ ಹರಿಹಾಯ್ದೆ. ಅವಳು ಬೆಪ್ಪಾಗಿ ನೋಡಿದಳು. "ಪರ ಊರಿಂದ ಬಂದ ಮನಷ್ಯಾಗ ಮದಲನೇ ಮಾತಿಗೇ ಬೈತಾರೇನವಾ? ಇನ್ನೊಮ್ಮಿ ಕೇಳತಾನ ಅಂತ ಮಾಡಿದ್ದೆ. ಅವಗ ರೀತಿ ರಿವಾಜು ಏನೂ ಗೊತ್ತಿಲ್ಲ," ಅಂದಳು. ಅವಳಿಗೆ ಸಾಹೇಬರ ಮೇಲೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಸ್ವಲ್ಪ ದಿನಕ್ಕೆ ಬಸ್ಸು ನಿಂತಿತು. ನಾನು ಸಾಹೇಬರಿಗೆ ಫೋನು ಹಚ್ಚಿದೆ. "ಮೇಡಂ, ನಿಮ್ಮ ಕಾರ್ಯಕ್ರಮದಲ್ಲೇ ಎಲ್ಲರನ್ನೂ ಕೇಳಿದೆನಲ್ಲ, ಒಬ್ಬರೂ ತೊಂದರೆ ಅನ್ನಲಿಲ್ಲ. ಮೇಲಿನವರಿಗೂ ಅದನ್ನೇ ತಿಳಿಸಿದೆ. ಶಾಲು ಬಹಳ ಚೆನ್ನಾಗಿತ್ತು," ಅಂದರು. ವ್ಯಂಗ್ಯವೇನೂ ಇರಲಿಲ್ಲ. ಆ ಸೀಮೆಯಲ್ಲಿ ನಮ್ಮ ರೇಡಿಯೋವನ್ನು ಪೂರ್ತಿ ನಂಬಿದ ಒಬ್ಬನೇ ಮನುಷ್ಯ ಅವರು.

ಟೆಂಪೋದಲ್ಲಿ ಮನೆ ಮುಟ್ಟಿದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಬೈಯಲಿಲ್ಲ. ಮರುದಿನವೂ ನಿಂತಿದ್ದರು. ಮೂರನೆಯ ದಿನ ಅವರೇ ಒಂದು ದಾರಿ ಹುಡುಕಿಟ್ಟಿದ್ದರು: "ನಿಮ್ಮ ಸಾವಕಾರ್ರ ಗಾಡಿ ದಿನಾ ಸಂಜಿಕೆ ನಮ್ಮೂರ ಮ್ಯಾಲೇ ರೋಣಕ್ಕ ಹೋಗತೈತಿ. ಹಿರೇ ಮನಷ್ಯಾರು, ಅವರ ಗಾಡ್ಯಾಗ ಬಂದ್ರ ಯಾರೂ ಏನೂ ಅನ್ನೂದಿಲ್ಲ. ಅವರಾಗೇ ಕರದ್ರ ಹತ್ತಿ ಬಾ. ನೀನಾಗಿ ಮಾತ್ರ ಕೇಳಬ್ಯಾಡ." ನನ್ನ ಕೆಲಸ ಉಳಿಯಲಿ ಎಂದು ಅತ್ತೆ ಇಷ್ಟು ಯೋಚಿಸಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ಅಂದು ನನಗೆ ಅವರ ಮೇಲೆ ತುಂಬ ಪ್ರೀತಿ ಬಂತು.

ರೇಡಿಯೋ ಆಮೇಲೂ ಕೆಲವು ತಿಂಗಳು ಉಸಿರಾಡಿತು. ಸಂಜೆಯ ಹೊತ್ತಿಗೆ ದನಿ ಸಿಗದೆ ಹಳೆಯ ಸನ್ಮಾನಗಳನ್ನೇ ಮತ್ತೆ ಹಾಕಿದರು. ಕೊನೆಗೆ ಗೋದಾಮಿಗೆ ಕಡಲೆಯ ಚೀಲಗಳು ವಾಪಸು ಬಂದವು. ಆದರೆ ನನ್ನ ಮಟ್ಟಿಗೆ ಅದು ಬಂದ್ ಆದದ್ದು ಆ ವಾರದ ಶನಿವಾರವೇ.

ಕಾರ್ಯಕ್ರಮ ಮುಗಿಸಿ ಹೊರಗೆ ಬಂದಾಗ ಸಾವಕಾರರು ಕಾರಿನ ಹತ್ತಿರ ನಿಂತಿದ್ದರು. ಹೊತ್ತು ಇಳಿಯುತ್ತಿತ್ತು. ನನ್ನನ್ನು ನೋಡಿ, "ಬಸ್ ನಿಂತೈತಂತಲ್ಲ ತಂಗೆವ್ವ. ನಾ ಹ್ಯಾಂಗೂ ಸೂಡಿ ಮ್ಯಾಲೇ ಹೊಂಟೀನಿ, ಬರ್ತಿಯೇನು? ದಿನಾ ಬಿಟ್ಟು ಹೋಗತೀನಿ," ಅಂದರು.

ಮೂರು ದಿನದಿಂದ ನಾನು ಕಾಯುತ್ತಿದ್ದ ಮಾತು ಅದೇ. ನನ್ನ ಬಾಯಿಂದ ಬಂದದ್ದು, "ಬ್ಯಾಡ್ರಿ, ನಿಮಗ್ಯಾಕ ತ್ರಾಸ. ನಾ ಹ್ಯಾಂಗರ ಹೋಗತೀನಿ."

"ಆತು ಹಂಗಾದ್ರ," ಎಂದು ಅವರು ಕಾರು ಹತ್ತಿದರು. ಬಾಗಿಲು ಮುಚ್ಚಿತು. ಕಿಟಕಿಯ ಗಾಜು ಇಳಿಸಿ ಇನ್ನೊಮ್ಮೆ ಕರೆಯುತ್ತಾರೆಂದು ನಾನು ನಿಂತೇ ಇದ್ದೆ, ಕಾರು ಬಸ್ ಸ್ಟ್ಯಾಂಡಿನ ತಿರುವು ದಾಟುವವರೆಗೆ. ಅವರು ದೂರದ ಸಾಹೇಬರಲ್ಲ, ರೋಣದಲ್ಲಿ ಹುಟ್ಟಿ ಬೆಳೆದವರು, ಊಟಕ್ಕೆ ಕೂತವರ ತಾಟಿಗೆ ಬೇಡ ಬೇಡ ಅಂದರೂ ಹೋಳಿಗೆ ಎಸೆಯುವ ಮನೆತನದವರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಯಾರ ಮೇಲೆ ಎಂದು ಟೆಂಪೋ ತುಂಬುವವರೆಗೂ ಕೂತು ಯೋಚಿಸಿದೆ.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರು ರೊಟ್ಟಿಯ ಬುಟ್ಟಿ ನನ್ನ ಮುಂದೆ ಸರಿಸಿದರು.

"ಎಷ್ಟ ಸಲ ಕರದ್ರು?" ಅಂದರು.

"ಒಂದ ಸಲ."

"ಒಂದ ಸಲ ಕರದ್ರ ಅದು ಕರದಂಗಲ್ಲವಾ," ಅಂದರು ಅತ್ತೆ. "ಮನಿಗೆ ಹೋಗು ಅಂತ ಹೇಳಿದಂಗ."

ಸೋಮವಾರದಿಂದ ನಾನು ಹೋಗಲಿಲ್ಲ.